ನೂರ ಅರವತ್ತಮೂರು ಸಹಿಗಳು

ಹಿರೇಕೊಳ್ಳ, ತಾ. ಮೂಡಲಗಿ
6 ಜನವರಿ 2025

ಮಾನ್ಯ ಅಧ್ಯಕ್ಷರು, ಪುರಸಭೆ, ಹಿರೇಕೊಳ್ಳ ಇವರಿಗೆ

ವಿಷಯ: ಆಸ್ತಿ ತೆರಿಗೆ ಹೆಚ್ಚಳಕ್ಕೆ ಆಕ್ಷೇಪಣೆ

ನಾನು ಸುಂದ್ರವ್ವ ಕೋಂ ಗುರುಲಿಂಗಪ್ಪ ತುಪ್ಪದ, ವಯಸ್ಸು ಅರವತ್ತೆಂಟು, ಏಳನೆಯ ವಾರ್ಡಿನ ಮೇಲಿನ ಓಣಿಯ ನಿವಾಸಿ. ಗೋಕಾಕದ ಹೈಸ್ಕೂಲಿನಲ್ಲಿ ಓದಿ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದೇನೆ, ಆದ್ದರಿಂದ ಈ ಅರ್ಜಿಯನ್ನು ಯಾರಿಂದಲೂ ಬರೆಸಿಲ್ಲ. ಓಣಿಯಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಬಸ್‌ಸ್ಟ್ಯಾಂಡಿನ ಎದುರಿಗೆ ನಾಲ್ಕು ಮಳಿಗೆಗಳಿವೆ. ಮೇಲಿನ ಓಣಿಯಲ್ಲಿ ಯಾರ ಮನೆಯ ಮದುವೆ ನಿಶ್ಚಯವಾದರೂ ಮೊದಲ ಎಲೆ ಅಡಿಕೆ ನಮ್ಮ ಮನೆಗೆ ಬರುತ್ತದೆ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಅರ್ಜಿ ಕೊಟ್ಟವಳು ಯಾರು ಎಂದು ಕಚೇರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಪುರಸಭೆಯ ನೀರು ನಮ್ಮ ಓಣಿಗೆ ಏರುವುದಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ನನ್ನ ಯಜಮಾನರು ಮನೆಯಂಗಳದಲ್ಲಿ ಬೋರು ಹಾಕಿಸಿದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ಅಂಗಳದ ನಳವನ್ನು ನಾನೇ ಬಿಡುತ್ತೇನೆ, ಎಂಟಕ್ಕೆ ನಾನೇ ಬಂದ್ ಮಾಡುತ್ತೇನೆ. ನಲವತ್ತಮೂರು ಮನೆಗಳು ಪಾಳಿಯಂತೆ ತುಂಬಿಕೊಳ್ಳುತ್ತವೆ. ಒಂದು ಪೈಸೆ ಪಡೆದಿಲ್ಲ. ಕರೆಂಟಿನ ಬಿಲ್ಲೂ ನಮ್ಮದೇ. ಹೀಗಿರುವಾಗ ನೀರು ಕೊಡದ ಪುರಸಭೆಯು ಮನೆಗಳಿಗೆ ನೂರಕ್ಕೆ ಇಪ್ಪತ್ತು, ಮಳಿಗೆಗಳಿಗೆ ನೂರಕ್ಕೆ ಮೂವತ್ತು ತೆರಿಗೆ ಏರಿಸುವುದು ನ್ಯಾಯವಲ್ಲ. ಬಜೆಟ್ಟಿನಿಂದ ಈ ಪ್ರಸ್ತಾವವನ್ನು ತೆಗೆಯಬೇಕು. ಓಣಿಯ ನೂರ ಅರವತ್ತಮೂರು ಜನರ ಸಹಿಯ ಹಾಳೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಹಾಲಿ ಅಧ್ಯಕ್ಷರು ನನ್ನ ಸೊಸೆ. ಅದಕ್ಕೂ ಈ ಅರ್ಜಿಗೂ ಸಂಬಂಧವಿಲ್ಲ. ಉತ್ತರವನ್ನು ಬರೆದು ಕೊಡಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೊಡಬಾರದು.

ಸುಂದ್ರವ್ವ ಗುರುಲಿಂಗಪ್ಪ ತುಪ್ಪದ


ಪುರಸಭೆ ಕಾರ್ಯಾಲಯ, ಹಿರೇಕೊಳ್ಳ
10 ಜನವರಿ 2025

ಶ್ರೀಮತಿ ಸುಂದ್ರವ್ವ ತುಪ್ಪದ ಇವರಿಗೆ

ತಮ್ಮ ಆಕ್ಷೇಪಣೆ ತಲುಪಿದೆ. ಫೆಬ್ರುವರಿ 24ರ ಬಜೆಟ್ ಸಭೆಯ ಮುಂದೆ ಅದನ್ನು ಇಡಲಾಗುವುದು.

ಶೀತಲ್ ಬಾಳೇಶ ತುಪ್ಪದ, ಅಧ್ಯಕ್ಷೆ

ಅತ್ತಿಯವರೆ, ಮೇಲಿನದು ಕಚೇರಿಯ ಉತ್ತರ. ಇದು ನನ್ನದು. ಬರೆದು ಕೊಡು ಎಂದಿರಿ, ಅದಕ್ಕೇ ಅದೇ ಹಾಳೆಯ ಕೆಳಗೆ ಬರೆಯುತ್ತಿದ್ದೇನೆ.

ನದಿಯಿಂದ ಪೈಪು ತಂದು ಮೇಲಿನ ಓಣಿಗಳಿಗಾಗಿ ಗುಡ್ಡದ ಮೇಲೆ ನೀರಿನ ಟಾಕಿ ಕಟ್ಟಲು ಸರ್ಕಾರ ಒಪ್ಪಿದೆ. ಹತ್ತು ರೂಪಾಯಿ ಕೆಲಸಕ್ಕೆ ಎಂಟು ಅವರು ಹಾಕುತ್ತಾರೆ, ಎರಡು ಊರು ಹಾಕಬೇಕು. ಆ ಎರಡು ಎಲ್ಲಿಂದ ಬರುತ್ತದೆ ಎಂದು ಮಾರ್ಚ್ ಮುಗಿಯುವುದರೊಳಗೆ ಠರಾವು ಮಾಡಿ ಕಳಿಸದಿದ್ದರೆ ಆ ಎಂಟು ಬೇರೆ ಊರಿಗೆ ಹೋಗುತ್ತದೆ. ಹದಿನೈದು ದಿನ ಕಚೇರಿಯ ಕಾಗದ ತಿರುವಿ ಹಾಕಿದ್ದೇನೆ. ಕಸ ಗುಡಿಸುವವರ ಪಗಾರ ತಡೆಯಲೇ? ಬೀದಿ ದೀಪ ಆರಿಸಲೇ? ಗಟಾರದ ಹೂಳು ತೆಗೆಸುವುದನ್ನು ಬಿಡಲೇ? ಮೂರೂ ನನ್ನ ಕೈಯಿಂದ ಆಗದ ಮಾತು. ಒಂಬತ್ತು ವರ್ಷದಿಂದ ನಮ್ಮೂರಲ್ಲಿ ತೆರಿಗೆ ಏರಿಲ್ಲ.

ನಾನು ಈ ಮನೆಗೆ ಬಂದ ಹೊಸತರಲ್ಲಿ ನೀವೇ ಹೇಳಿದ್ದಿರಿ, ಹತ್ತು ಮಂದಿಯನ್ನು ಊಟಕ್ಕೆ ಕರೆಯುವ ಮೊದಲು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು ಎಂದು. ನೋಡಿದೆ. ತಳ ಕಾಣಿಸಿತು.

ಶೀತಲ್


ಮನೆ
16 ಜನವರಿ 2025

ಶೀತಲ್,

ಬರವಣಿಗೆ ಚೆನ್ನಾಗಿದೆ. ಬಿ.ಕಾಂ. ಓದಿದ್ದು ವ್ಯರ್ಥವಾಗಿಲ್ಲ. ಆದರೆ ನನ್ನ ಮಾತನ್ನು ನನಗೇ ತಿರುಗಿಸಿ ಹೇಳುವ ಚಟ ಬಿಡು.

ಇಂದು ಪಾಳಿಯಲ್ಲಿ ನಡೆದದ್ದನ್ನು ತಿಳಿದುಕೋ. ಹಿಂದಿನ ಮನೆಯ ಗೌರವ್ವ ಕೊಡ ಇಳಿಸಿದವಳೇ, "ಅವ್ವಾರ, ನಿಮ್ಮ ಸೊಸಿ ಘರಪಟ್ಟಿ ಏರಸ್ತಾರಂತಲ್ರಿ? ನನ್ನ ಒಂದ ಖೋಲಿಗೆ ಎಷ್ಟ ಬೀಳತೈತ್ರಿ?" ಎಂದು ಕೇಳಿದಳು. ಗಂಡ ಸತ್ತವಳು, ರೊಟ್ಟಿ ಬಡಿದು ಮಾರಿ ಬದುಕುವವಳು. ನಾನು, "ಅದನ್ನ ಆಫೀಸಿನ್ಯಾಗ ಕೇಳವ್ವಾ. ಇದು ಪಾಳಿ," ಎಂದೆ. ಹಿಂದಿನಿಂದ ಗುಡುಬಿಯ ಸೊಸೆ ಸಾಹಿರಾ, "ಅಲ್ಲಿ ಹೋದ್ರ ಸೊಸಿ, ಇಲ್ಲಿ ಬಂದ್ರ ಅತ್ತಿ. ನಾವು ಕೊಡಾ ಎಲ್ಲಿ ಇಡೂಣು?" ಎಂದಳು. ಎಲ್ಲರೂ ನಕ್ಕರು. ನನ್ನ ಅಂಗಳದಲ್ಲಿ, ನನ್ನ ನಳದ ಮುಂದೆ. ಸಾಹಿರಾಳನ್ನು ಪಾಳಿಯ ಕೊನೆಗೆ ಕಳಿಸಿದೆ. ಆಮೇಲೆ ಯಾರೂ ನಗಲಿಲ್ಲ.

ಇಷ್ಟು ವರ್ಷದಲ್ಲಿ ಆ ಅಂಗಳದಲ್ಲಿ ಯಾರೂ ನನ್ನ ನೋಡಿ ನಕ್ಕಿರಲಿಲ್ಲ.

ನೀನು ಮೂವತ್ತೊಂದು ವರ್ಷದವಳು. ಮೀಸಲಾತಿ ಬಂತೆಂದು ನಿನ್ನನ್ನು ನಿಲ್ಲಿಸಿದವಳು ನಾನು. ನೀನು ಮನೆಮನೆಗೆ ಹೋಗಿ ಕೈ ಮುಗಿದದ್ದಕ್ಕೆ ಮತ ಬೀಳಲಿಲ್ಲ. ಈ ಬೋರಿನ ನೀರು ಕುಡಿದವರು ಹಾಕಿದರು. ಅದನ್ನು ಮರೆತು ಈಗ ಅದೇ ಜನರ ಮೇಲೆ ಪಟ್ಟಿ ಹಾಕಲು ಹೊರಟಿದ್ದೀ.

ಮನೆಯಲ್ಲಿ ನೀನು ಸೊಸೆ, ಅದರಲ್ಲಿ ವ್ಯತ್ಯಾಸವಿಲ್ಲ. ಆದರೆ ಈ ವಿಷಯ ಮುಗಿಯುವವರೆಗೆ ನಮ್ಮಿಬ್ಬರ ನಡುವೆ ಮಾತು ಬೇಡ. ನಿನ್ನೆ ಬಾಳೇಶ ಊಟಕ್ಕೆ ಕುಳಿತು "ಉಪ್ಪ ಕೊಡ್ರಿ" ಎಂದ. ಹೆಂಡತಿಗೆ ಹೇಳಿದನೋ ತಾಯಿಗೆ ಹೇಳಿದನೋ ತಿಳಿಯದೆ ಇಬ್ಬರೂ ಸುಮ್ಮನೆ ಕುಳಿತೆವು. ಪಾಪ, ಸಪ್ಪನೆಯ ಸಾರು ಉಂಡು ಎದ್ದ. ಇದಕ್ಕೆ ಕಾರಣ ನಾನಲ್ಲ.

ಸುಂದ್ರವ್ವ


ಹಿರೇಕೊಳ್ಳ
2 ಫೆಬ್ರುವರಿ 2025

ಚಿ. ಮಾಲಾಗೆ, ಹುಕ್ಕೇರಿ

ನಿನ್ನ ಪತ್ರ ಬಂತು. ನಿನ್ನ ಅಣ್ಣ ಬಾಳೇಶ ಫೋನಿನಲ್ಲಿ ಎಲ್ಲವನ್ನೂ ನಿನಗೆ ಹೇಳುತ್ತಾನೆಂದು ಗೊತ್ತಾಯಿತು. ನೀನು ಬಂದು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತೇನೆ ಎಂದು ಬರೆದಿದ್ದೀ. ಬರಬೇಡ. ಮಗಳು ತವರಿಗೆ ಹಬ್ಬಕ್ಕೆ ಬರಬೇಕು, ಪಂಚಾಯಿತಿಗೆ ಅಲ್ಲ.

ಮೊನ್ನೆ ಪುರಸಭೆಯ ಇಬ್ಬರು ಸದಸ್ಯರು ಮನೆಗೆ ಬಂದಿದ್ದರು. ಸೊಸೆ ಕಚೇರಿಗೆ ಹೋದ ಹೊತ್ತು ನೋಡಿಯೇ ಬಂದರು. ಒಬ್ಬ ನನ್ನ ಕಾಲು ಮುಟ್ಟಿದ. "ಅವ್ವಾರ, ಓಣಿ ಎಲ್ಲಾ ನಿಮ್ಮ ಹಿಂದ ಐತಿ. ಸಭಾದ ದಿನ ನೀವು ಬಂದು ಒಂದ ಮಾತ ಅಂದ್ರ ಸಾಕ್ರಿ, ಬಜೆಟ್ ಬೀಳತೈತಿ. ಬಜೆಟ್ ಬಿದ್ರ ಅಧ್ಯಕ್ಷರೂ ಕುರ್ಚಿ ಬಿಡಬೇಕಾಗತೈತಿ. ಮುಂದಿನವರನ್ನ ನೀವ ಆರಿಸ್ರಿ," ಎಂದ. ನಾನು, "ಚಹಾ ಆರತೈತಿ, ಕುಡೀರಿ," ಎಂದೆ.

ಅವರು ಹೋದ ಮೇಲೆ ನೆನಪಾಯಿತು, ಕಾಲು ಮುಟ್ಟಿದವನಿಗೆ ಪೇಟೆಯಲ್ಲಿ ಹನ್ನೊಂದು ಮಳಿಗೆಗಳಿವೆ. ಬಡವರ ಮೇಲೆ ಭಾರ ಬೀಳುತ್ತದೆ ಎಂದು ಅರ್ಧ ತಾಸು ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿದ.

ಶೀತಲ್ ಕೆಟ್ಟವಳಲ್ಲ. ಮೊಂಡಿ. ಕಚೇರಿಯಿಂದ ಬಂದವಳೇ ಸೀರೆ ಸೆರಗು ಸಿಕ್ಕಿಸಿ ಹಿಟ್ಟು ನಾದುತ್ತಾಳೆ, ನನ್ನ ಗುಳಿಗೆಯ ಜೊತೆ ನೀರಿನ ಲೋಟ ತಂದಿಡುತ್ತಾಳೆ, ಬಾಯಿ ಬಿಡುವುದಿಲ್ಲ. ಮಾತು ಬೇಡ ಎಂದವಳು ನಾನೇ. ಅವಳು ಇಷ್ಟು ಚೆನ್ನಾಗಿ ಪಾಲಿಸುತ್ತಾಳೆ ಎಂದುಕೊಂಡಿರಲಿಲ್ಲ.

ಪತ್ರದ ಕೊನೆಗೆ ನೀನು ಒಂದು ಪ್ರಶ್ನೆ ಕೇಳಿದ್ದೀ: "ಅವ್ವಾ, ಮನಿಮನಿಗೆ ನಳ ಬಂದ್ರ ನಿನಗೇನು ತ್ರಾಸ?" ಅದಕ್ಕೆ ಉತ್ತರ ಬರೆಯುವುದಿಲ್ಲ. ಮಕ್ಕಳ ಪರೀಕ್ಷೆಗೆ ಅಂಟಿನ ಉಂಡಿ ಕಟ್ಟಿ ಕಳಿಸಿದ್ದೇನೆ, ನೀನೇ ತಿಂದು ಮುಗಿಸಬೇಡ.

ಅವ್ವ


ಹಿರೇಕೊಳ್ಳ
9 ಫೆಬ್ರುವರಿ 2025

ಅತ್ತಿಯವರೆ,

ಮಾತು ಬೇಡ ಎಂದಿದ್ದೀರಿ, ಆದ್ದರಿಂದ ಇದನ್ನೂ ಬರೆದೇ ತಿಳಿಸಬೇಕಾಗಿದೆ. ಓದುವಾಗ ಕುಳಿತು ಓದಿ.

ಆಕ್ಷೇಪಣೆಯ ಜೊತೆಗಿರುವ ಸಹಿಯ ಹಾಳೆಗಳನ್ನು ನಿನ್ನೆ ಕಚೇರಿಯಲ್ಲಿ ಪರಿಶೀಲಿಸಿದರು. ಅವು ನಿಮ್ಮ ಪಾಳಿಯ ವಹಿಯ ಹಾಳೆಗಳು. ಎಡಕ್ಕೆ ಪಾಳಿಯ ಸಂಖ್ಯೆ ಮತ್ತು ಮನೆಯ ಹೆಸರು, ಬಲಕ್ಕೆ ಸಹಿ. ಮೊದಲ ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ದುಂಡನೆಯ ಅಕ್ಷರದಲ್ಲಿ ಒಂದು ಸಾಲು ಇದೆ: "ಮೊದಲು ಸಹಿ, ನಂತರ ನೀರು."

ಮುಖ್ಯಾಧಿಕಾರಿಗಳು ಅದನ್ನು ಎರಡು ಸಲ ಓದಿದರು. ನಂತರ, "ಮೇಡಂ, ಇದನ್ನ ಸಭಾದಾಗ ಓದಿದ್ರ ಆಕ್ಷೇಪಣಿ ನಿಂದ್ರೂದಿಲ್ಲ. ನೀರು ತಡದು ಸಹಿ ಮಾಡಿಸ್ಯಾರ ಅಂತ ಆಗತೈತಿ. ಓದೂಣೇನ್ರಿ?" ಎಂದು ಕೇಳಿದರು. ಬೇಡ ಎಂದೆ.

ನೀವು ನೀರು ತಡೆಯಬೇಕೆಂದು ಬರೆದಿಲ್ಲ ಎಂದು ನನಗೆ ಗೊತ್ತು. ಗದ್ದಲವಾಗಬಾರದು, ಸಾಲು ಕೆಡಬಾರದು ಎಂದು ಬರೆದಿದ್ದೀರಿ. ಆದರೆ ಕೊಡ ಹಿಡಿದು ನಿಂತವರಿಗೆ ಅದು ಹೇಗೆ ಕಂಡಿತು ಎಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ನಾನು ಆ ಸಾಲನ್ನು ಓದುವುದಿಲ್ಲ. ಓದಿ ಗೆದ್ದರೆ ಸಂಜೆ ಯಾವ ಮುಖ ಹೊತ್ತು ಮನೆಗೆ ಬರಲಿ? ಸಹಿಗಳನ್ನು ಇದ್ದ ಹಾಗೆ ಸಭೆಯ ಮುಂದೆ ಇಡುತ್ತೇನೆ. ಅಧ್ಯಕ್ಷೆಯ ವಾರ್ಡೇ ಅವಳ ವಿರುದ್ಧ ಇದೆ ಎಂದಾದರೆ ಪ್ರಸ್ತಾವ ಬೀಳುತ್ತದೆ. ಮರುದಿನ ರಾಜೀನಾಮೆ ಕೊಡುತ್ತೇನೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದೆಂದು ಮೊದಲೇ ತಿಳಿಸಿದ್ದೇನೆ.

ಶೀತಲ್


ಹಿರೇಕೊಳ್ಳ
10 ಫೆಬ್ರುವರಿ 2025

ಗುಡುಬಿಗೆ, ಗೋಕಾಕ ಫಾಲ್ಸ್

ನೀನು ಮಗಳ ಬಾಣಂತನಕ್ಕೆಂದು ಹೋಗಿ ತಿಂಗಳಾಯಿತು. ಮೊಮ್ಮಗಳು ಚೆನ್ನಾಗಿದ್ದಾಳೆಂದು ಸಾಹಿರಾ ಹೇಳಿದಳು. ಸಂತೋಷ.

ಒಂದು ಕೆಲಸವಿದೆ. ಹೋಗುವ ಮೊದಲು ನೀನು ತೆರಿಗೆಯ ಅರ್ಜಿಗೆ ಸಹಿ ಮಾಡಿದ್ದೀ, ಹದಿನಾಲ್ಕನೆಯ ಪಾಳಿಯಲ್ಲಿ. ಜನರು ನೀರಿನ ಆಸೆಗೆ ಸಹಿ ಹಾಕಿದರು, ಮನಸ್ಸಿನಿಂದ ಹಾಕಿಲ್ಲ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದಾರೆ. ನನ್ನ ಓಣಿಯ ಹೆಣ್ಣುಮಕ್ಕಳು ಅಂಥವರಲ್ಲ. ಎಂಟನೆಯ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು, ನಿನಗಿಂತ ಹೆಚ್ಚಿನ ಸಾಕ್ಷಿ ನನಗೆ ಬೇಡ. ಸಹಿಯನ್ನು ಸ್ವಂತ ಇಚ್ಛೆಯಿಂದ ಮಾಡಿದೆ ಎಂದು ನಾಲ್ಕು ಸಾಲು ಬರೆದು ಕಳಿಸು. ಸಭೆಯಲ್ಲಿ ನಾನೇ ಓದುತ್ತೇನೆ.

ಸೊಸೆಗೆ ಇನ್ನೂ ಉತ್ತರ ಬರೆದಿಲ್ಲ. ಮೊದಲು ನಿನ್ನದು ಬರಲಿ.

ಸುಂದ್ರವ್ವ


ಗೋಕಾಕ ಫಾಲ್ಸ್
16 ಫೆಬ್ರುವರಿ 2025

ಸುಂದ್ರಾ,

ಸಾಲಿಯೊಳಗ ಪುಸ್ತಕದ ಭಾಷಾ ನೀ ಬರೀತಿದ್ದಿ, ನಾ ನಿನ್ನ ಹಾಳಿ ನೋಡಿ ಬರೀತಿದ್ದೆ. ಈಗ ನೋಡಾಕ ನೀ ಬಾಜೂಕ ಇಲ್ಲ. ಅದಕ್ಕ ಮಾತಾಡಿದಂಗ ಬರೀತೀನಿ, ತಪ್ಪ ತಿದ್ದಬ್ಯಾಡ.

ಮಗಳ ಮನಿಯೊಳಗ ನಳ ಐತಿ. ಬಂದ ಮೊದಲನೇ ದಿನ ನಸುಕಿನ್ಯಾಗ ಎದ್ದು ಕೊಡಾ ಹುಡುಕಾಕ ಹತ್ತಿದೆ. ಅಳಿಯ ಮೌಲಾಅಲಿ ನಕ್ಕ. "ಎಲ್ಲಿ ಹೊಂಟೀರಿ? ತಿರುವ್ರಿ, ಬರತೈತಿ," ಅಂದ. ತಿರುವಿದೆ. ಬಂತು. ಯಾರಿಗೂ ಕೈ ಮುಗೀಲಿಲ್ಲ. ನನ್ನ ಮಾರಿ ಹೆಂಗೈತಿ, ಉಟ್ಟ ಸೀರಿ ಯಾವುದು, ನಿನ್ನೆ ಯಾರ ಮನಿಗೆ ಹೋಗಿದ್ದೆ, ಯಾರೂ ಕೇಳಲಿಲ್ಲ. ಬಕೀಟ ತುಂಬಿ ಹರದು ಹೋಗೂತನಕ ಹಂಗ ನಿಂತಿದ್ದೆ ನೋಡವ್ವಾ, ಹುಚ್ಚಿಗತೆ.

ಖುಷಿಲೆ ಸಹಿ ಮಾಡಿದಿಲ್ಲೊ ಅಂತ ಕೇಳೀದಿ. ಖರೆ ಹೇಳ್ತೀನಿ. ಹಾಳ್ಯಾಗ ಏನ ಬರದೈತಿ ನಾ ಓದಲಿಲ್ಲ. ಸಹಿ ಮಾಡೂದ್ರಾಗ ಪಾಳಿ ತಡಾ ಆಗಿತ್ತು, ನನ್ನ ಹಿಂದ ಇನ್ನೂ ಇಪ್ಪತ್ತೊಂಬತ್ತ ಮನಿ ಕೊಡಾ ಇದ್ದವು, ಏಳೂವರಿ ಆಗಿತ್ತು. ಪೆನ್ ಕೊಟ್ಟಿ, ಹಾಕಿದೆ.

ನಿನ್ನ ನೀರು ಕುಡದ ನನ್ನ ಮಕ್ಕಳು ದೊಡ್ಡವರಾಗ್ಯಾರ. ಅದನ್ನ ಮರತ್ರ ಅಲ್ಲಾಹ ಮೆಚ್ಚೂದಿಲ್ಲ. ಆದರ ಒಂದು ವಿಚಾರ ಮಾಡು. ಸಾಲಿಯೊಳಗ ನಾವಿಬ್ಬರೂ ದಿನಾ ಜಗಳಾ ಆಡತಿದ್ವಿ, ಜಡಿ ಹಿಡದು ಜಗ್ಗತಿದ್ವಿ. ಬೋರು ಬಿದ್ದ ಮ್ಯಾಲ ಒಂದ ದಿನಾನೂ ಆಡಿಲ್ಲ. ಯಾಕಂತಿ? ಕೊಡಾ ತುಂಬೂಕಿಂತ ಮೊದಲ ಜಗಳಾ ಯಾರ ಆಡ್ತಾರ?

ಸಂಕ್ರಾಂತಿ ಆದ ಮ್ಯಾಲ ಸಾಹಿರಾ ಏನೋ ಚಾಷ್ಟಿ ಮಾಡಿದ್ಳಂತ. ಕೊನೀಗೆ ಹಚ್ಚಿದಿ. ಆಕಿ ಪಾಳಿ ಬರೂದ್ರೊಳಗ ಎಂಟಾತು, ನಳ ಬಂದ್ ಮಾಡಿದಿ. ಖಾಲಿ ಕೊಡಾ ಹೊತ್ತು ಓಣಿ ತುಂಬ ನಡಕೊಂತ ಮನಿಗೆ ಬಂದ್ಳು. ನನಗ ಫೋನ್ ಮಾಡಿ ಅತ್ತಳು. ನಾ ಏನಂದೆ ಗೊತ್ತೇನು? "ತಪ್ಪ ನಿಂದ, ಯಾಕ ನಕ್ಕಿ?" ಅಂದೆ. ಹಂಗ ಅಂದ ಮ್ಯಾಲ ನನಗ ಊಟಾ ಸೇರಲಿಲ್ಲ ಸುಂದ್ರಾ. ನನ್ನ ಸೊಸಿಗೆ ನಾನ ಹಂಗ ಅಂದೆ.

ಘರಪಟ್ಟಿ ಏರಿದ್ರ ತ್ರಾಸ ಆಗತೈತಿ, ಇಲ್ಲ ಅನ್ನೂದಿಲ್ಲ. ಆದರ ರೊಕ್ಕಾ ಕೊಟ್ಟ ನೀರು ಬರಲಿಲ್ಲಂದ್ರ ಆಫೀಸಿಗೆ ಹೋಗಿ ಸೊಂಟಕ್ಕ ಕೈ ಇಟ್ಟ ಬೈಬಹುದು. ನಿನ್ನ ಬೈಯಾಕ ಬರೂದಿಲ್ಲ. ನೀ ಪುಕ್ಕಟೆ ಕೊಡ್ತಿ.

ರಮಜಾನ್ ಮುಗಿದ ಮ್ಯಾಲ ಬರ್ತೀನಿ. ಪಾಳ್ಯಾಗ ನಿಂದರಸ್ತಿಯೋ ಇಲ್ಲೋ, ನಿನಗ ಬಿಟ್ಟಿದ್ದು.

ಗುಡುಬಿ


ಹಿರೇಕೊಳ್ಳ
23 ಫೆಬ್ರುವರಿ 2025

ಮಾನ್ಯ ಅಧ್ಯಕ್ಷರು, ಪುರಸಭೆ, ಹಿರೇಕೊಳ್ಳ ಇವರಿಗೆ

ವಿಷಯ: ಜನವರಿ 6ರ ಆಕ್ಷೇಪಣೆಯ ಬಗ್ಗೆ

ನಾಲ್ಕೈದು ದಿನಗಳ ಹಿಂದೆ ನನಗೆ ಒಂದು ಪತ್ರ ಬಂತು. ಅದರ ವಿವರ ಕಚೇರಿಗೆ ಬೇಕಿಲ್ಲ. ಸಹಿಯ ಹಾಳೆಗಳ ಪ್ರತಿಯನ್ನು ಕಚೇರಿಯಿಂದ ಅರ್ಜಿ ಕೊಟ್ಟು ಪಡೆದುಕೊಂಡು, 20ರಿಂದ 22ರವರೆಗೆ ಮೂರು ದಿನ ಓಣಿಯ ನಲವತ್ತಮೂರು ಮನೆಗಳಿಗೂ ಹೋದೆ. ಈ ಓಣಿಗೆ ಸೊಸೆಯಾಗಿ ಬಂದು ನಲವತ್ತಾರು ವರ್ಷವಾದರೂ ಅವುಗಳಲ್ಲಿ ಹೆಚ್ಚಿನ ಮನೆಗಳ ಹೊಸ್ತಿಲನ್ನು ನಾನು ಮೊದಲ ಸಲ ದಾಟಿದೆ. ಅವರೇ ಬರುತ್ತಿದ್ದರು. ನಾನು ಹೋಗುವ ಪ್ರಸಂಗ ಬಂದಿರಲಿಲ್ಲ.

ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳಿದೆ: "ಸಹಿ ಇಟ್ಟರೂ ನಾಳಿ ನೀರು ಸಿಗತೈತಿ, ಹೊಡದು ಹಾಕಿದ್ರೂ ಸಿಗತೈತಿ. ನಿಮ್ಮ ಮನಸಿಗೆ ಬಂದದ್ದ ಮಾಡ್ರಿ." ಮೊದಲ ಆರು ಮನೆಗಳಲ್ಲಿ ಯಾರೂ ಪೆನ್ನು ಮುಟ್ಟಲಿಲ್ಲ. ಏನೋ ಪರೀಕ್ಷೆ ಮಾಡಲು ಬಂದಿದ್ದಾಳೆ ಎಂದುಕೊಂಡರು. ಒಬ್ಬಳು, "ಹಂಗ ಇರಲಿ ಬಿಡ್ರಿ ಅವ್ವಾರ, ನೀವು ಹೇಳಿದಂಗ," ಎಂದಳು. ನಾನು ಏನು ಹೇಳಿದೆ ಎಂದು ತಿರುಗಿ ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಏಳನೆಯ ಮನೆಯಲ್ಲಿ ಸಾಹಿರಾ ಇದ್ದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಪೆನ್ನು ಇಸಿದುಕೊಂಡು ಮನೆಯ ಐದೂ ಹೆಸರುಗಳ ಮೇಲೆ ಗೆರೆ ಎಳೆದಳು. ಅದು ಪಕ್ಕದ ಮನೆಯವರಿಗೆ ಕಾಣಿಸಿತು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ ಪೆನ್ನು ಕೇಳುವವರಾದರು.

ನೂರ ಅರವತ್ತಮೂರರಲ್ಲಿ ನೂರ ಹದಿನೆಂಟು ಸಹಿಗಳು ಹೋದವು. ನಲವತ್ತೈದು ಉಳಿದವು. ಈ ನಲವತ್ತೈದು ಗಟ್ಟಿ. ಇವರ ಮಾತನ್ನು ಸಭೆ ಕೇಳಲೇಬೇಕು. ಒಂದೇ ಖೋಲಿಯ ಗೌರವ್ವ, "ನೀರು ಬೇಕ್ರಿ, ಆದ್ರ ಎರಡೂ ಕಡೆ ಸುಡತೈತ್ರಿ," ಎಂದಳು. ಬಾಡಿಗೆಗೆ ಇರುವವರು ಪಟ್ಟಿ ಏರಿದರೆ ಮಾಲಕರು ಬಾಡಿಗೆ ಏರಿಸುತ್ತಾರೆ ಎಂದರು. ನೇಕಾರ ಹಣಮಂತ, "ನೀರು ಬಂದ ಮ್ಯಾಲ ಕೊಡ್ತೀನ್ರಿ. ಪೈಪ ಬರೂಕಿಂತ ಮೊದಲ ಪೈಪಿನ ರೊಕ್ಕಾ ರಸ್ತಾಕ್ಕ ಹೋತಂದ್ರ?" ಎಂದು ಕೇಳಿದ. ಈ ಪ್ರಶ್ನೆಯನ್ನು ಬರೆದುಕೊಂಡು ಬಂದಿದ್ದೇನೆ. ಉತ್ತರ ಅಧ್ಯಕ್ಷರಲ್ಲಿ ಇರಬೇಕು.

ಆದ್ದರಿಂದ ನಾನು ಕೇಳುವುದು: ನಾನೂರು ಚದರಡಿಗಿಂತ ಸಣ್ಣ ಮನೆಗಳಿಗೆ ಹಳೆಯ ದರವೇ ಇರಲಿ. ಅಲ್ಲಿ ಕಡಿಮೆಯಾದದ್ದನ್ನು ಮಳಿಗೆಗಳ ಮೇಲೆ ಹಾಕಿರಿ, ಬಸ್‌ಸ್ಟ್ಯಾಂಡಿನ ಎದುರಿನ ನನ್ನ ನಾಲ್ಕನ್ನು ಮೊದಲು ಹಿಡಿಯಿರಿ. ಹೆಚ್ಚಿನ ತೆರಿಗೆ ನೀರಿನ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹೋಗಬಾರದೆಂದು ಠರಾವಿನಲ್ಲಿ ಬರೆಯಿರಿ.

ನನ್ನ ಸ್ವಂತ ಆಕ್ಷೇಪಣೆಯನ್ನು ಹಿಂತೆಗೆದುಕೊಂಡಿದ್ದೇನೆ. ಮೊದಲ ಹಾಳೆಯ ಮೇಲಿರುವ ಸಾಲು ನಾನೇ ಬರೆದದ್ದು. ಅದನ್ನು ಹೊಡೆದು ಹಾಕಿಲ್ಲ. ಅಧ್ಯಕ್ಷರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದದೆ ಬಿಟ್ಟು ನನಗೆ ಉಪಕಾರ ಮಾಡುವ ಅಧಿಕಾರ ಅವರಿಗಿಲ್ಲ.

ಸುಂದ್ರವ್ವ ಗುರುಲಿಂಗಪ್ಪ ತುಪ್ಪದ


ಹಿರೇಕೊಳ್ಳ
25 ಫೆಬ್ರುವರಿ 2025

ಅತ್ತಿಯವರೆ,

ನಿನ್ನೆ ನೀವು ಸಭೆಗೆ ಬರಲಿಲ್ಲ. ಮನೆಗೆ ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡಿದ್ದಿರಿ. ಹೀಗಾಗಿ ಇದನ್ನೂ ಬರೆದೇ ಹೇಳುತ್ತೇನೆ.

ಆ ಸಾಲನ್ನು ಓದಿದೆ. ಯಾರೂ ನಗಲಿಲ್ಲ. ಪೇಟೆಯಲ್ಲಿ ಹನ್ನೊಂದು ಮಳಿಗೆಗಳಿರುವ ಆ ಸದಸ್ಯರೊಬ್ಬರು ಮಾತ್ರ ಎದ್ದು ನಿಂತು, "ನಿಮ್ಮ ಅತ್ತಿ ಮನಿ ಮರ್ಯಾದಿ ಬೀದಿಗೆ ತಂದ್ರಲ್ರಿ!" ಎಂದರು. "ಅದು ಅವರು ಗಳಿಸಿದ ಮರ್ಯಾದಿ ಐತ್ರಿ. ಇಡೂದು ತಗಿಯೂದು ಅವರಿಗೆ ಬಿಟ್ಟಿದ್ದು. ನೀವು ನಿಮ್ಮ ಮಳಿಗಿ ಮಾತಾಡ್ರಿ," ಎಂದೆ. ಸಿಟ್ಟಿನಲ್ಲಿ ಎದ್ದು ಹೋಗುವವರಂತೆ ಬಾಗಿಲವರೆಗೆ ಹೋಗಿ, ಮತ ಹಾಕಬೇಕೆಂದು ನೆನಪಾಗಿ ತಿರುಗಿ ಬಂದು ಕುಳಿತರು.

ಹನ್ನೊಂದು ಕೈಗಳು ಪ್ರಸ್ತಾವದ ಪರ ಎದ್ದವು, ಎಂಟು ವಿರುದ್ಧ. ಸಣ್ಣ ಮನೆಗಳಿಗೆ ಹಳೆಯ ದರ, ಮಳಿಗೆಗಳಿಗೆ ನೂರಕ್ಕೆ ಮೂವತ್ತೈದು. ನೀರಿನ ಕೆಲಸಕ್ಕೇ ಮೀಸಲು ಎಂದು ಠರಾವಿನಲ್ಲಿ ಬರೆದಿದೆ. ಬಾಡಿಗೆದಾರರಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಮಾಲಕರ ಕೈ ಹಿಡಿಯುವ ಕಾಯಿದೆ ಪುರಸಭೆಯಲ್ಲಿಲ್ಲ. ಬಾಡಿಗೆದಾರರ ಮನೆಗಳಿಗೆ ಹೋಗಿ ಇದನ್ನು ನಾನೇ ಹೇಳಿ ಬರಬೇಕು.

ಟಾಕಿ ಕಟ್ಟಿ ನೀರು ಏರಲು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಓಣಿಗೆ ನಿಮ್ಮ ಬೋರೇ ಗತಿ. ಪಾಳಿ ನಿಮ್ಮ ಕೈಯಲ್ಲೇ ಇರಲಿ ಎಂದು ಸದಸ್ಯರೆಲ್ಲ ಹೇಳಿದರು. ನನಗೂ ಹಾಗೇ ಅನಿಸುತ್ತದೆ.

ಇನ್ನು ಮನೆಯಲ್ಲಿ ಮಾತಾಡಬಹುದೇ? ಊಟದ ಹೊತ್ತಿಗಾದರೂ?

ಶೀತಲ್


ಹಿರೇಕೊಳ್ಳ
4 ಏಪ್ರಿಲ್ 2025

ಗುಡುಬಿ,

ಹಬ್ಬ ಮುಗಿಯಿತು, ನೀನು ಬರುವ ದಿನ ಹತ್ತಿರವಾಯಿತು. ಬಂದಾಗ ಓಣಿಯಲ್ಲಿ ನಿಂತು ಬಾಯಿ ತೆರೆದು ನೋಡಬಾರದೆಂದು ಮೊದಲೇ ಬರೆಯುತ್ತಿದ್ದೇನೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ಸಲ ಕುಳಿತೆ. ಆಗಲಿಲ್ಲ. ಸಾಹಿರಾಳಿಗೆ ಹೇಳಬೇಕಾದದ್ದನ್ನು ಅವಳ ಮನೆಗೇ ಹೋಗಿ ಹೇಳಿದ್ದೇನೆ. ಏನು ಹೇಳಿದೆ ಎಂದು ಅವಳನ್ನೇ ಕೇಳು, ನನ್ನನ್ನು ಕೇಳಬೇಡ. ಎರಡನೆಯ ಸಲ ಹೋದಾಗ ಕುಳಿತುಕೊಳ್ಳಲು ಹೇಳಿದಳು.

ಏಪ್ರಿಲ್ ಒಂದರಂದು ಹೊಸ ದರದ ತೆರಿಗೆ ಕಟ್ಟಲು ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಆರು ಜನ ಇದ್ದರು. ಗುಮಾಸ್ತ ಎದ್ದು ನಿಂತು, "ಅಧ್ಯಕ್ಷರ ಅತ್ತಿಯವರು, ದಾರಿ ಬಿಡ್ರಿ. ಮುಂದ ಬರ್ರಿ ಅವ್ವಾರ," ಎಂದ. "ಪಾಳಿ ಐತಿ," ಎಂದೆ. ಮುಕ್ಕಾಲು ತಾಸು ನಿಂತೆ. ಮೊಣಕಾಲು ಹಿಡಿದುಕೊಂಡವು. ನಿನ್ನ ಮೊಣಕಾಲುಗಳ ಬಗ್ಗೆ ನೀನು ಯಾವತ್ತೂ ನನ್ನ ಮುಂದೆ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಶೀತಲ್ ಜೊತೆ ಮಾತು ಶುರುವಾಗಿದೆ. ಮೊದಲ ದಿನವೇ ಮಜ್ಜಿಗೆಗೆ ನೀರು ಹೆಚ್ಚಾಯಿತೆಂದು ಜಗಳವಾಯಿತು. ಬಾಳೇಶ ನಗುತ್ತ ಎರಡು ಬಟ್ಟಲು ಕುಡಿದ.

ಈಗ ಮುಖ್ಯ ವಿಷಯ. ಪಾಳಿ ನನ್ನ ಕೈಯಲ್ಲೇ ಇರಲಿ ಎಂದು ಸೊಸೆಯಿಂದ ಹಿಡಿದು ಪುರಸಭೆಯವರೆಲ್ಲರೂ ಹೇಳಿದರು. ಒಂದು ತಿಂಗಳು ವಿಚಾರ ಮಾಡಿದೆ. ಯಾರನ್ನೂ ಕೇಳದೆ ಗೋಕಾಕದಿಂದ ಪ್ಲಂಬರನನ್ನು ಕರೆಸಿದೆ. ಅಂಗಳದ ನಳ ಕೀಳಿಸಿದೆ. ಮಾಳಿಗೆಯ ಮೇಲೆ ದೊಡ್ಡ ಟಾಕಿ ಇಡಿಸಿ, ಕಂಪೌಂಡ್ ಗೋಡೆಗೆ ತೂತು ಹೊಡೆಸಿ, ಬೀದಿಯ ಕಡೆಗೆ ನಾಲ್ಕು ನಳ ಹಾಕಿಸಿದೆ. ಟಾಕಿ ಖಾಲಿಯಾದರೆ ಪಂಪು ತಾನೇ ಚಾಲೂ ಆಗುತ್ತದೆ. ನಳಗಳಿಗೆ ಕೀಲಿ ಇಲ್ಲ. ಹೊತ್ತಿನ ಕಟ್ಟಳೆ ಇಲ್ಲ. ಪಾಳಿಯ ವಹಿಯನ್ನು ಒಲೆಗೆ ಹಾಕಿದೆ. ಬಾಳೇಶ ಗಾಬರಿಯಾಗಿ, "ಅವ್ವಾ, ಮಂದಿ ನಳದ ಮುಂದ ಬಡದಾಡತಾರ," ಎಂದ. "ಬಡದಾಡ್ಲಿ," ಎಂದೆ.

ನಿನ್ನೆ ಮೊದಲ ದಿನ. ಬೆಳಿಗ್ಗೆ ಆರಕ್ಕೆ ಗೋಡೆಯ ಆಚೆ ಕೊಡಗಳ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತಿಗೆ ಗೌರವ್ವನಿಗೂ ಸಾಹಿರಾಳಿಗೂ ದೊಡ್ಡ ದನಿಯಲ್ಲಿ ಮಾತು ಹತ್ತಿತು, ನಂತರ ಇಬ್ಬರೂ ನಕ್ಕರು. ನಾನು ಹೊರಗೆ ಹೋಗಲಿಲ್ಲ.

ಸುಂದ್ರವ್ವ